ಅಪ್ಪ ಸುಲಿಯಲು ಹೋದ ಕರಿಗಲ್ಲು

ನಾನು ಚಿಕ್ಕವನಿದ್ದಾಗ ನಮ್ಮ ಭಂಕೂರಿನಲ್ಲಿ ನನ್ನ ಅಣಕಿಗೆ ಸಿಗದವರು ಯಾರೂ ಇರಲಿಲ್ಲ. ಮಾಸ್ತರರ ಕೆಮ್ಮು, ಅಕ್ಕನ ಮೂಗಿನ ದನಿ, ಪಕ್ಕದ ಮನೆ ಅಜ್ಜಿಯ ಬಿಕ್ಕಳಿಕೆ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಏಟು ತಿಂದು ನಾನೇ ಅತ್ತರೆ, ಆಮೇಲೆ ಆ ಅಳುವನ್ನೂ ಅಣಕಿಸುತ್ತಿದ್ದೆ.

ಆಗ ನಮ್ಮದು ನಿಜಾಮರ ರಾಜ್ಯ. ಊರೂರಲ್ಲಿ ಗಲಾಟೆ ಹೆಚ್ಚಿ, ಜೀವ ಉಳಿದರೆ ಸಾಕೆಂದು ಜನ ಮನೆ ಬಿಡತೊಡಗಿದರು. ಅಪ್ಪ, ಅಕ್ಕ, ನಾನು ಮೂವರೂ ಶಹಾಬಾದಿನಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೊರಟೆವು. ಅದು ಬೇರೆ ದೇಶ ಎಂದು ಅಪ್ಪ ಹೇಳಿದ್ದ. ಗಡಿ ಎಂಬುದು ಎಂಥ ಗೆರೆ ಇರಬಹುದೆಂದು ನಾನು ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಜೋಳದ ಹೊಲ ಮುಗಿದು ಜೋಳದ ಹೊಲವೇ ಬಂತು. ಗೆರೆ ಕಾಣಲಿಲ್ಲ, ಇಂಜಿನ್ನಿನ ಕಲ್ಲಿದ್ದಲ ಪುಡಿ ಮಾತ್ರ ಕಣ್ಣಿಗೆ ಬಿತ್ತು.

ಸೊಲ್ಲಾಪುರದ ಹೊರಗೆ, ನಮ್ಮಂತೆ ಊರು ಬಿಟ್ಟವರ ಶಿಬಿರದಲ್ಲಿ ಒಂದು ಡೇರೆಗೆ ಮೂರು ಸಂಸಾರ. ಭಂಕೂರಿನ ಗಣಿಯಲ್ಲಿ ಹಾಸುಗಲ್ಲು ಎಬ್ಬಿಸುತ್ತಿದ್ದ ಅಪ್ಪನಿಗೆ ಒಂದು ದಿನ ಸುದ್ದಿ ಸಿಕ್ಕಿತು. ಪೇಟೆಯಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಕೆಲಸದವನಿಗೆ, ಎಲ್ಲರ ಬಾಯಲ್ಲಿ ಗವಂಡಿ ಕಾಕಾ ಆಗಿದ್ದವನಿಗೆ, ಕಲ್ಲಿನ ಕೆಲಸದವನೊಬ್ಬ ಬೇಕಿತ್ತು. ಕೆಲಸ ಅವನ ಮನಸ್ಸಿಗೆ ಬಂದರೆ ಅಲ್ಲೇ ಹಿತ್ತಲ ಕೋಣೆಯಲ್ಲಿ ಸಂಸಾರ ಇರಬಹುದಂತೆ. ಆ ಕೋಣೆಯ ಯಾವ ಮೂಲೆಗೆ ಒಲೆ ಹೂಡಬೇಕೆಂದು ಅಕ್ಕ ಆಗಲೇ ಲೆಕ್ಕ ಹಾಕುತ್ತಿದ್ದಳು. ಅಪ್ಪ ಉಳಿ, ಸುತ್ತಿಗೆ ಹಿಡಿದು ಹೊರಟ. ಬಾಲದಂತೆ ಹಿಂದೆ ನಾನು.

ನಮ್ಮ ಭಂಕೂರಿನ ಕಲ್ಲು ನೆಲದೊಳಗೆ ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗಿರುತ್ತದೆ. ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಬಡಿಯುತ್ತ ಹೋದರೆ ಒಂದೊಂದೇ ಹಾಸು ಎದ್ದು ಬರುತ್ತದೆ. ಇಲ್ಲಿ ಎದುರಿಗಿದ್ದದ್ದು ಮಲಗಿದ ಎಮ್ಮೆಯಂಥ, ಪದರವೇ ಇಲ್ಲದ ಕರಿಗಲ್ಲು. ಅಪ್ಪನ ಕೈ ರೂಢಿಯಂತೆ ಅದರ ಪಕ್ಕೆ ಸವರಿ ಪದರ ಹುಡುಕಿತು, ಉಳಿ ಇಟ್ಟಿತು. ನಾಲ್ಕನೇ ಏಟಿಗೆ ಉಳಿಯ ಮೊನೆ ಮುರಿದು ಹಾರಿತು.

“ಏನ್ರಿ ಮೇಸ್ತ್ರಿ, ಉಳ್ಳಾಗಡ್ಡಿ ಸುಲೀಲಿಕತ್ತೀರೇನು?” ಎಂದ ಗವಂಡಿ ಕಾಕಾ. ಕೆಲಸದವರೆಲ್ಲ ನಕ್ಕರು.

ಜನ ನಕ್ಕರೆ ನನ್ನ ಮೈ ನಿಲ್ಲುತ್ತಿರಲಿಲ್ಲ. ಒಂದು ಕಲ್ಲಿನ ಮುಂದೆ ಕೂತು, ಅಪ್ಪನಂತೆ ಹುಬ್ಬು ಗಂಟಿಕ್ಕಿ, ಈರುಳ್ಳಿಯಂತೆ ಕಲ್ಲಿನ ಸಿಪ್ಪೆ ಸುಲಿದು, ಕಣ್ಣೀರು ಒರೆಸಿಕೊಂಡೆ. ನಗು ಇನ್ನೂ ಜೋರಾಯಿತು. ಆಮೇಲೆ ಅಪ್ಪನ ಕಡೆ ನೋಡಿದೆ. ಅವನು ಮುರಿದ ಮೊನೆಯನ್ನು ಮಣ್ಣಿನಲ್ಲಿ ಹುಡುಕುತ್ತಿದ್ದ, ಬಹಳ ಹೊತ್ತು, ತಲೆ ಎತ್ತದೆ.

ಆ ತಲೆಯನ್ನು ಮತ್ತೆ ಎತ್ತಿಸಬೇಕು ಅನ್ನಿಸಿತು. ಆದರೆ ಅಣಕು ಬಿಟ್ಟರೆ ನನಗೆ ಬೇರೆ ವಿದ್ಯೆ ಎಲ್ಲಿತ್ತು? ಭಂಕೂರಿನ ಅಪ್ಪನನ್ನೇ ಮಾಡಿ ತೋರಿಸತೊಡಗಿದೆ. ಅಲ್ಲಿಲ್ಲದ ಹಾಸುಗಲ್ಲಿಗೆ ಕಿವಿ ಕೊಟ್ಟು, ಬೆರಳ ಗೆಣ್ಣಿನಿಂದ ಬಡಿದು, ಒಳ್ಳೆಯ ಕಲ್ಲಿಗೆ ಬಾಯಲ್ಲೇ ‘ಟಣ್’, ಒಳಗೆ ಬಿರುಕಿದ್ದ ಕಲ್ಲಿಗೆ ‘ಡಬ್’. ಗವಂಡಿ ಕಾಕಾ ನಗು ನಿಲ್ಲಿಸಿದ. ನಿಜವಾಗಿಯೂ ಹಾಗೆ ತಿಳಿಯುತ್ತದೆಯೇ ಎಂದು ಅಪ್ಪನನ್ನು ಕೇಳಿ, ನಮ್ಮನ್ನು ಹಿತ್ತಲಿಗೆ ಕರೆದೊಯ್ದ.

ಅಲ್ಲಿ ಗೋಡೆಗೆ ಒರಗಿ ನಿಂತಿದ್ದವು ನಮ್ಮ ಕಡೆಯ ಹಾಸುಗಲ್ಲುಗಳು, ಇಲ್ಲಿಯವರು ಫರಸಿ ಎನ್ನುವಂಥವು. ಗೂಡ್ಸ್ ಗಾಡಿಯಲ್ಲಿ ನಮಗಿಂತ ಮೊದಲೇ ಗಡಿ ದಾಟಿ ಬಂದಿದ್ದವು. ಅಪ್ಪ ನೆಂಟರನ್ನು ಕಂಡವನಂತೆ ಒಂದೊಂದನ್ನೂ ಸವರಿದ, ಬಡಿದ, ಕಿವಿ ಕೊಟ್ಟ. ಒಂದರ ಮುಂದೆ ನಿಂತು ನಡುವೆ ಬೆರಳಿಟ್ಟ.

“ಇದರಾಗ ಬಿರುಕು ಅದರೀ. ನೆಲಕ್ಕ ಹಾಕಬ್ಯಾಡ್ರಿ.”

ಕಣ್ಣಿಗೆ ಒಂದು ಗೆರೆಯೂ ಕಾಣದ ಕಲ್ಲು. ಗವಂಡಿ ಕಾಕಾ ನಂಬದೆ ಅದನ್ನು ಮಣ್ಣಿನ ಮೇಲೆ ಕೆಡವಿದ. ಅಪ್ಪ ಬೆರಳಿಟ್ಟಲ್ಲೇ ಎರಡು ಹೋಳಾಯಿತು. ಹೋಳುಗಳನ್ನೇ ನೋಡುತ್ತ ನಿಂತ ಕಾಕಾ, “ಕರಿಗಲ್ಲು ನಾವು ನೋಡ್ಕೋತೀವಿ. ನೆಲದ ಫರಸಿ ನೀವು ಹಾಕ್ರಿ,” ಎಂದ.

ಅಕ್ಕನನ್ನು ಕರೆತರಲು ಶಿಬಿರದ ಕಡೆ ನಡೆಯುವಾಗ ನಾನು ಏಟಿಗೆ ಸಿದ್ಧನಾಗಿ ಬೆನ್ನು ಬಗ್ಗಿಸಿಕೊಂಡೇ ಹೋದೆ. ಅರ್ಧ ದಾರಿಯಲ್ಲಿ ಅಪ್ಪ, “ಟಣ್ ಭಾಳ ಚಲೋ ಬಂತು. ಡಬ್ ಇನ್ನಾ ಸ್ವಲ್ಪ ಮೆತ್ತಗ ಬರಬೇಕು ನೋಡು,” ಎಂದ.

ಮಕ್ಕಳೇ, ನಿಮ್ಮ ಮನೆಯ ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಟೈಲ್ಸು. ಎಲ್ಲಿ ಬಡಿದರೂ ಒಂದೇ ಸದ್ದು, ನಾನು ಬಡಿದು ನೋಡಿದ್ದೇನೆ. ನಿಮ್ಮ ಶಾಲೆಗೆ ದೂರದಿಂದ ಹೊಸದಾಗಿ ಬಂದ ಹುಡುಗನ ಮಾತನ್ನು ನಿನ್ನೆ ಮನೆಯಲ್ಲಿ ಊಟದ ಹೊತ್ತಿಗೆ ಅಣಕಿಸಿದಿರಿ. ಚೆನ್ನಾಗಿಯೇ ಮಾಡಿದಿರಿ, ಮೊಮ್ಮಕ್ಕಳು ಯಾರವರು! ನಾಳೆ ಅವನನ್ನು ಒಂದು ಮಾತು ಕೇಳಿಕೊಂಡು ಬನ್ನಿ: ಅವನ ಊರಿನ ಕಲ್ಲು ಎಂಥದು, ಬಡಿದರೆ ಹೇಗೆ ಸದ್ದು ಮಾಡುತ್ತದೆ? ಆ ಸದ್ದು ನನ್ನ ಬಾಯಿಗೆ ಇನ್ನೂ ಬಂದಿಲ್ಲ.