ವೇಬ್ರಿಜ್ಜಿನಲ್ಲಿ ತೂಗಿದ ಗುಳಿಗೆ

ಗಣಿ ಜೋರಾಗಿದ್ದ ವರ್ಷಗಳಲ್ಲಿ ನಾನು ಸಂಡೂರು ರಸ್ತೆಯ ಒಂದು ವೇಬ್ರಿಜ್ಜಿನಲ್ಲಿ ಕೂತು ಅದಿರಿನ ಲಾರಿಗಳನ್ನು ತೂಗುತ್ತಿದ್ದೆ. ಮೈಮೇಲೆ ಕೆಂಪು ಧೂಳು, ಒಳಗೆ ಅಕ್ಕ ಕೊಟ್ಟ ಕಿಡ್ನಿ. ನನ್ನವೆರಡೂ ಕೈಕೊಟ್ಟಾಗ ಕಂಪ್ಲಿಯಲ್ಲಿ ಸಂಸಾರ ಮಾಡಿಕೊಂಡಿದ್ದ ಅಕ್ಕ ಎರಡನೇ ಮಾತಾಡದೆ ತನ್ನದೊಂದನ್ನು ಕೊಟ್ಟಿದ್ದಳು. ಅದನ್ನು ನನ್ನ ಮೈ ಹೊರಗಿನದೆಂದು ದೂಡಿಬಿಡದಂತೆ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಗುಳಿಗೆ ನುಂಗಬೇಕಿತ್ತು. ತಪ್ಪಿದರೆ ಕಿಡ್ನಿ ಹೋದಂತೆಯೇ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು.

ಅದೇ ಆಪರೇಶನ್ ಆಗಿದ್ದ ಪಾಪಿನಾಯಕನಹಳ್ಳಿಯ ಲಾರಿ ಮಾಲೀಕನೊಬ್ಬ ನಮ್ಮಲ್ಲಿಗೆ ಬರುತ್ತಿದ್ದ. ಅವನದೂ ಅದೇ ಗುಳಿಗೆ, ಆದರೆ ಹೊತ್ತಿಗೆ ಎರಡೇ. ಆಳು ನೋಡಿದರೆ ನನ್ನಂಥವರು ಇಬ್ಬರಾಗುತ್ತಿದ್ದ.

“ನಿನಗ್ಯಾಕ ನಾಲ್ಕು? ಬರಿಯೋವಾಗ ಡಾಕ್ಟ್ರು ತಪ್ಪು ಮಾಡ್ಯಾರ ನೋಡಲೇ,” ಅಂದ.

ತೂಕದ ವಿಷಯಕ್ಕೆ ಬಂದರೆ ನಾನು ಬಾಯಿಮಾತು ನಂಬುವವನಲ್ಲ. ಅವನ ಖಾಲಿ ಲಾರಿಯನ್ನು ಅವನ ಸಮೇತ ತೂಗಿದೆ. ಆಮೇಲೆ ಅವನನ್ನು ಇಳಿಸಿ ನನ್ನ ಕುರ್ಚಿಯಲ್ಲಿ ಕೂರಿಸಿ ನಾನು ಲಾರಿ ಹತ್ತಿದೆ. ನಲವತ್ತು ಕಿಲೋ ಕಡಿಮೆ ಬಂತು. ಚೀಟಿ ಹರಿದುಕೊಂಡೆ. ಅವನ ಅರ್ಧ ತೂಕದವನಾದ ನನಗೆ ಲೆಕ್ಕದಂತೆ ಹೊತ್ತಿಗೆ ಒಂದೇ ಗುಳಿಗೆ ಸಾಕಿತ್ತು. ಧಾರಾಳವಾಗಿ ಎರಡು ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ, ಡಾಕ್ಟರ ಮರ್ಯಾದೆಯ ಪ್ರಶ್ನೆ ನೋಡಿ.

ಮೂರು ವಾರಕ್ಕೆ ಕಾಲು ಊದಿತು, ಮೂತ್ರ ಕಡಿಮೆಯಾಯಿತು. ಅಕ್ಕ ಬಂದು ನನ್ನ ಮುಖ ನೋಡಿದವಳೇ ಬೆಂಗಳೂರಿನ ರೈಲು ಹತ್ತಿಸಿದಳು. ರಿಪೋರ್ಟು ಬಂದಾಗ ರಕ್ತದಲ್ಲಿ ಔಷಧಿ ಸಾಲದಷ್ಟಿತ್ತು, ಕಿಡ್ನಿಯ ಮೇಲೆ ಮೈ ತಿರುಗಿಬಿದ್ದಿತ್ತು. ನಾನು ಜೇಬಿನಿಂದ ವೇಬ್ರಿಜ್ಜಿನ ಚೀಟಿ ತೆಗೆದು ಮುಂದಿಟ್ಟು ವಿವರಿಸಿದೆ. ಡಾಕ್ಟರು ಅದನ್ನು ಎರಡು ಸಲ ಓದಿದರು. ಅಂಥ ರಿಪೋರ್ಟು ಅವರಿಗೆ ಹಿಂದೆ ಬಂದಿರಲಿಲ್ಲವೆಂದು ಕಾಣುತ್ತದೆ.

ತೂಕವಲ್ಲ, ಎಂಜೈಮು ಎಂದರು. ಈ ಔಷಧಿಯನ್ನು ಒಡೆದುಹಾಕುವ ಎಂಜೈಮೊಂದು ಕರುಳಲ್ಲಿ, ಲಿವರಿನಲ್ಲಿ ಇರುತ್ತದಂತೆ. ತಂದೆತಾಯಿಯಿಂದ ಬಂದ ಜೀನಿನ ಪ್ರಕಾರ ಕೆಲವರಲ್ಲಿ ಅದು ಮೈಮುರಿದು ದುಡಿಯುತ್ತದೆ, ಕೆಲವರಲ್ಲಿ ಇದ್ದೂ ಇಲ್ಲದಂತೆ. ನನ್ನದು ದುಡಿಯುವ ಬಗೆ ಇರಬೇಕು, ಅವನದು ಇನ್ನೊಂದು. ಗಣಿಯಲ್ಲಿ ತುಂಬಿದ ಅದಿರು ದಾರಿಯಲ್ಲೇ ಕರಗುವುದನ್ನು ದಿನಾ ನೋಡುತ್ತಿದ್ದ ನನಗೆ ಇದು ತಟ್ಟನೆ ಅರ್ಥವಾಯಿತು. ನನ್ನಲ್ಲಿ ನಾಲ್ಕು ಹೊರಟರೆ ಎರಡು ಮುಟ್ಟುತ್ತಿದ್ದವು. ಆ ನಾಲ್ಕನ್ನು ಅವರು ನನ್ನ ರಕ್ತ ಪರೀಕ್ಷಿಸಿಯೇ ಬರೆದಿದ್ದರು.

ಮೂರು ದಿನ ಇಂಜೆಕ್ಷನ್ ಕೊಟ್ಟರು. ಕಿಡ್ನಿ ಉಳಿಯಿತು, ಆದರೆ ಪೂರ್ತಿ ಮೊದಲಿನಂತಾಗಲಿಲ್ಲ.

ಅಕ್ಕ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಆ ಚೀಟಿ ಹಿಡಿದು ಕೇಳಿದಳು, “ನಿನ್ನ ವೇಬ್ರಿಜ್ಜು ಎಲ್ಲಕ್ಕಿಂತ ಕಡಿಮಿ ಎಷ್ಟು ತೂಗತೈತಿ?”

“ಹತ್ತು ಕಿಲೋ. ಅದಕ್ಕಿಂತ ಭಾಳ ಹಗುರ ಇದ್ರ ಸೊನ್ನಿ ತೋರಸ್ತೈತಿ.”

“ಹಂಗಾದ್ರ ನಾ ಕೊಟ್ಟಿದ್ದು ಸೊನ್ನೀನ ಬಿಡು.”

ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ನಾಲ್ಕು ಗುಳಿಗೆ ಎಣಿಸಿ ಅವಳ ಎದುರಿಗೇ ನುಂಗಿದೆ. ಅವಳು ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿದಳು.