ಮುತ್ಯಾ ಬಿಟ್ಟುಹೋದ ಮುಳ್ಳು

ರಷ್ಯಾ ಒಡೆಯಿತು, ಅದಕ್ಕೇ ನಮ್ಮ ಮನೆಯ ರಷ್ಯನ್ ರೇಡಿಯೋ ಮೂಕಾಯಿತು ಎಂದು ನಮ್ಮೂರು ಐಗಳಿಯಲ್ಲಿ ಹೇಳುತ್ತಾರೆ. ಕೇಳಲು ಚೆಂದದ ಕತೆ. ಆದರೆ ಆ ಕಟ್ಟಿಗೆ ಪೆಟ್ಟಿಗೆಗೆ ತವರಿನ ಸುದ್ದಿ ಮುಟ್ಟಿಸಿದವರು ಯಾರು? ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಚಿಕ್ಕೋಡಿ, ರಾಯಬಾಗದ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಗೆದ್ದವಳು ನಾನು. ಇಲ್ಲಿ ಅವು ಒಟ್ಟಿಗೂ ನಡೆದಿರಲಿಲ್ಲ. ರೇಡಿಯೋ ಮಾತು ಬಿಟ್ಟದ್ದು ಮೊದಲೇ, ನನ್ನ ಅಜ್ಜ, ನಮ್ಮೆಲ್ಲರ ಮುತ್ಯಾ, ತೀರಿಕೊಂಡ ಸ್ವಲ್ಪ ದಿನಕ್ಕೆ.

ದನಿ ಹೋಗಿತ್ತು, ಬೆಳಕು ಹೋಗಿರಲಿಲ್ಲ. ಸಂಜೆ ದೇವರಿಗೆ ದೀಪ ಹಚ್ಚಿ ಆಯಿ, ಅಂದರೆ ನನ್ನ ಅಜ್ಜಿ, ಅದರ ಸ್ವಿಚ್ಚು ಹಾಕುತ್ತಿದ್ದಳು. ಒಳಗಿನ ಗಾಜಿನ ವಾಲ್ವುಗಳು ಸಾವಕಾಶ ಕಾಯುತ್ತಿದ್ದವು. ಮೊದಲು ಬೆಚ್ಚನೆಯ ಅರಿಸಿನದ ವಾಸನೆ. ಆಮೇಲೆ ಮುಂದಿನ ಗಾಜಿನ ಮೇಲೆ ನಮಗ್ಯಾರಿಗೂ ಓದಲು ಬಾರದ ಅಕ್ಷರಗಳಲ್ಲಿ ಊರುಗಳ ಹೆಸರು. ಕೊನೆಗೆ ಮೂಲೆಯಲ್ಲೊಂದು ಹಸಿರು ಕಣ್ಣು. ಪಡಸಾಲೆ ಬಾವಿಯ ನೀರಾಗಿ, ನಾವೆಲ್ಲ ಅದರ ತಳದಲ್ಲಿ ಕೂತಂತಿರುತ್ತಿತ್ತು. ಸ್ಟೇಷನ್ನಿನ ಗುಂಡಿ ಬಿಗಿದುಹೋಗಿ, ಮುಳ್ಳು ಮುತ್ಯಾ ಬಿಟ್ಟಲ್ಲೇ ನಿಂತಿತ್ತು. ಆಯಿ ಅದರ ಎದುರು ಜೋಳ ಹಸನು ಮಾಡುತ್ತಿದ್ದಳು.

ಒಂದು ಬೇಸಿಗೆ ಕಾಕಾ ನಿಪ್ಪಾಣಿಯಿಂದ ಸುದ್ದಿ ತಂದ. ಈ ಪೆಟ್ಟಿಗೆ ಕೊಟ್ಟರೆ ಅಂಗಡಿಯವನು ಟೇಪ್‌ರೆಕಾರ್ಡರ್ ಕೊಡುತ್ತಾನಂತೆ.

"ಮಾತಾಡದ ರೇಡಿಯೋ ಇಟ್ಕೊಂಡು ಏನ್ ಮಾಡ್ತಿ ಯವ್ವಾ?"

"ನೀ ಮಾತಾಡ್ತೀಯಲ್ಲ, ನಿನ್ನಿಂದ ಏನ್ ಆಗೈತಿ?" ಆಯಿ ಮೊರದಿಂದ ತಲೆ ಎತ್ತಲಿಲ್ಲ.

ನಾನು ನಡುವೆ ಬಾಯಿ ಹಾಕಿದೆ. "ಕಾಕಾ, ನಾ ಇದನ್ನ ಮಾತಾಡಿಸಿದ್ರ ಇಲ್ಲೇ ಇರಬೇಕು. ಒಪ್ತಿಯೇನು?"

"ಒಪ್ಪಿದೆ, ವಕೀಲಬಾಯಿ. ನಾಳೆ ಸಂಜೀತನಕ ಟೈಮ್ ಐತಿ."

"ಅದನ್ಯಾಕ ಬಿಚ್ಚತಿ, ಇರ್ಲಿ ಬಿಡವಾ," ಎಂದಳು ಆಯಿ. ನಾನು ಸೋತರೆ ಪೆಟ್ಟಿಗೆ ಹೋಗುತ್ತದೆಂಬ ಹೆದರಿಕೆ ಅಂದುಕೊಂಡೆ.

ಮರುದಿನ ಮಧ್ಯಾಹ್ನ ಹಿಂದಿನ ಹಲಗೆ ಬಿಚ್ಚಿದರೆ ಒಳಗೆಲ್ಲ ಹಳದಿ. ಖಂಡೇನವಮಿಯ ಆಯುಧಪೂಜೆಗೆ ಕುಡಗೋಲಿನಿಂದ ಹಿಡಿದು ಪಂಪಿನ ಸ್ಟಾರ್ಟರ್‌ತನಕ ಎಲ್ಲಕ್ಕೂ ಮಂಗಸೂಳಿ ಮಲ್ಲಯ್ಯನ ಭಂಡಾರ, ಆ ಅರಿಸಿನದ ಪುಡಿ, ಹಚ್ಚುವುದು ನಮ್ಮಲ್ಲಿ ಪದ್ಧತಿ. ರೇಡಿಯೋಕ್ಕೆ ಮಾತ್ರ ಆಯಿ ಹಿಂದಿನ ಸೀಳಿನಿಂದ ಒಳಗೇ ಒಂದು ಚಿಟಿಕೆ ಹಾಕುತ್ತಿದ್ದಳು. "ದನಿ ಒಳಗಿಂದ ಬರ್ತೈತಿ, ಭಂಡಾರ ಹೊರಗ ಹಚ್ಚಿದ್ರ ಹ್ಯಾಂಗ?" ವಾದದಲ್ಲಿ ತಪ್ಪು ಹುಡುಕಲಾಗದು. ಆ ಪುಡಿ ಸ್ಟೇಷನ್ ಹಿಡಿಯುವ ತೆಳು ತಗಡುಗಳ ನಡುವೆ, ಮುಳ್ಳು ಎಳೆಯುವ ದಾರದ ಗಾಲಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಬ್ರಷ್ ಹಿಡಿದು ಮೆಲ್ಲಗೆ ಕೆದರಿ, ಹಳೆ ಪೇಪರಿನ ಮೇಲೆ ಉದುರಿಸಿದೆ.

ಸಂಜೆ ಹಸಿರು ಕಣ್ಣು ತೆರೆಯಿತು. ಮೊದಲು ಗೊರಗೊರ, ಆಮೇಲೆ ಎಲ್ಲೋ ನದಿಯಾಚೆಯಿಂದ ಕರೆದಂತೆ ಒಬ್ಬಳು ಮರಾಠಿಯಲ್ಲಿ ಹವಾಮಾನ ಹೇಳತೊಡಗಿದಳು. ಊರಿನ ಕತೆ ಸೋತಿತು, ಕಾಕಾನೂ ಸೋತ. ಆದರೆ ಸೋತವನೇ ಮೊದಲು ಗುಂಡಿಗೆ ಕೈ ಹಾಕಿದ. "ಹವಾಮಾನ ಸಾಕು, ಹಾಡು ಹಚ್ಚೂಣು."

ಮುಳ್ಳು ಗಾಜಿನುದ್ದಕ್ಕೂ ಸರ್ರನೆ ಜಾರಿತು. ಆಯಿ ಕೈ ಚಾಚಿ ಏಳುವಷ್ಟರಲ್ಲಿ ಆ ಕಡೆಯ ತುದಿ ಮುಟ್ಟಿತ್ತು. ಮುತ್ಯಾ ಬಿಟ್ಟ ಜಾಗ ಯಾವ ಅಕ್ಷರದ ಮೇಲಿತ್ತೆಂದು ಹೇಳಬಲ್ಲವರು ಮನೆಯಲ್ಲಿ ಇರಲಿಲ್ಲ.

ಹಾಡು ಸಿಕ್ಕಿತು. ಪೇಪರಿನ ಮೇಲಿನ ಭಂಡಾರ ನೋಡಿದೆ. ಬೊಗಸೆ ತುಂಬುವಷ್ಟು. ವರ್ಷಕ್ಕೊಂದು ಚಿಟಿಕೆಯಿಂದ ಇಷ್ಟು ಕೂಡುವುದಿಲ್ಲ.

"ಆಯಿ, ಮುತ್ಯಾ ಹೋದಮ್ಯಾಲೆ ಆ ಮುಳ್ಳು ಯಾರೂ ಸರಿಸಬಾರ್ದಂತ ನೀನ ಭಂಡಾರ ತುಂಬಿದ್ದೇನು?"