ಕುಸುಮಾ ಮೌಶಿಯ ಶೇಂಗಾ ಕೇಕು

ಕುಸುಮಾ ಮೌಶಿಯ ಕೇಕಿನ ಮೇಲೆ ಮೇಣದಬತ್ತಿ ಇರುತ್ತಿರಲಿಲ್ಲ, ತುಳಸಿ ಎಲೆ ಇರುತ್ತಿತ್ತು. ಕಪ್ಪು ಚಾಕೊಲೇಟಿನ ನಡುವೆ ಒಂದೇ ಒಂದು ಹಸಿರು ಎಲೆ. ದೇವರ ಮುಂದಿಟ್ಟು, ಗಂಟೆ ಬಾರಿಸಿ, ಆಮೇಲೆ ಚಾಕು. ವಿಶಾಖಪಟ್ಟಣದ ಎಂವಿಪಿ ಕಾಲನಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ತೆಲುಗು ಮಕ್ಕಳು ಆ ಎಲೆ ಯಾರ ತುಂಡಿಗೆ ಬರುತ್ತದೆಂದು ಕಾಯುತ್ತಿದ್ದರು. ಎಲೆ ಬಂದವರಿಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಎಂಬ ನಂಬಿಕೆ ಅವರೊಳಗೇ ಹುಟ್ಟಿಕೊಂಡಿತ್ತು.

ದೇವರ ಮುಂದೆ ಇಡುವುದಾದ್ದರಿಂದ ಮಾಡುವಾಗ ರುಚಿ ನೋಡುವಂತಿರಲಿಲ್ಲ. ಧಾರವಾಡದ ಅವರ ತವರಿನಲ್ಲಿ ಹೋಳಿಗೆಗೂ ಪಾಯಸಕ್ಕೂ ಇದ್ದ ನಿಯಮವನ್ನು ಮೌಶಿ ಕೋಕೋ ಪುಡಿಗೂ ವಿಸ್ತರಿಸಿದ್ದರು. ಹಿಟ್ಟು ಕಲಸಿದ ಚಮಚವನ್ನು ನೆಕ್ಕುವ ಮಾತೇ ಇಲ್ಲ. ಎಲ್ಲವೂ ಮೂಗಿನ ಮೇಲೆ ನಡೆಯುತ್ತಿತ್ತು.

“ವಾಸನೆ ನೋಡುವುದೂ ತಪ್ಪು ಅಂತಾರಲ್ಲ ಮೌಶಿ?” ಎಂದು ಒಮ್ಮೆ ಕೆಣಕಿದೆ.

“ನಾ ಎಲ್ಲಿ ನೋಡ್ತೀನಿ? ಅದ ಬಂದು ಹೇಳ್ತದ,” ಎಂದರು.

ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆನೇ ಹೊರತು ನಮ್ಮ ನಡುವೆ ನಂಟಿರಲಿಲ್ಲ. ಅವರ ಯಜಮಾನರು, ನಮಗೆಲ್ಲ ಕಾಕಾ, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು, ನಿವೃತ್ತರಾಗಿ, ಸಮುದ್ರದ ಗಾಳಿಗೆ ಸೋತು ಇಲ್ಲೇ ಉಳಿದವರು. ನಾನು ಮೈಸೂರಿನಿಂದ ತೆಲುಗು ಮನೆಗೆ ಮದುವೆಯಾಗಿ ಬಂದವಳು. ನಮ್ಮದು ಅವರ ಕೆಳಗಿನ ಮನೆ. ದಿನವಿಡೀ ನನಗೆ ಕನ್ನಡ ಕೇಳಿಸುತ್ತಿದ್ದದ್ದು ಮೇಲಿನ ಮಹಡಿಯ ಆ ಅಡುಗೆಮನೆಯಲ್ಲಿ ಮಾತ್ರ. ಅದೂ ನನ್ನ ಕನ್ನಡವಲ್ಲ.

ಚಾಕೊಲೇಟಿಗೆ ಪೀನಟ್ ಬಟರ್ ಸೇರಿಸಿದ ಕೇಕಿನ ಬೇಡಿಕೆ ಬಂದದ್ದು ವಿಜಯವಾಡದಿಂದ. ಮೌಶಿಯ ಮಗಳು ಅನಿತಾ ಅಲ್ಲಿ ಬೆಂಜ್ ಸರ್ಕಲ್ ಹತ್ತಿರ ಇರುತ್ತಾಳೆ, ಗಂಡ ತೆಲುಗಿನವರು. ಅವರ ಮಗಳು ಹಾಸಿನಿ ಯಾವುದೋ ವಿಡಿಯೋ ನೋಡಿ, ಹುಟ್ಟುಹಬ್ಬಕ್ಕೆ ಇಂಥದ್ದೇ ಬೇಕೆಂದು ಅಜ್ಜಿಯ ಫೋನಿಗೆ ಕಳಿಸಿದಳು. ಮೌಶಿ ಅದನ್ನು ಶಬ್ದ ನಿಲ್ಲಿಸಿ ನೋಡಿದರು.

“ಇದರಾಗ ಏನದ? ಶೇಂಗಾ ಹಿಂಡಿ ಮಾಡ್ಲಿಕ್ಕೆ ಹೋಗಿ ಮಿಕ್ಸರ್ ಬಂದ್ ಮಾಡೋದು ಮರ್ತಾರ, ಅಷ್ಟ.”

ಹಾಗೆಯೇ ಮಾಡಿದರು ಕೂಡ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಶೇಂಗಾ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಸಿಪ್ಪೆ ಕೇರಿ, ಮಿಕ್ಸಿಗೆ ಹಾಕುವುದು. ಮೊದಲು ಮೌಶಿ ಹಿಂಡಿ ಎನ್ನುವ ಚಟ್ನಿಪುಡಿ ಆಗುತ್ತದೆ. ತಿರುಗಿಸುತ್ತಲೇ ಹೋದರೆ ಪುಡಿ ಉಂಡೆಗಟ್ಟುತ್ತದೆ. ಇನ್ನೂ ಬಿಡದಿದ್ದರೆ ಎಣ್ಣೆ ಬಿಟ್ಟುಕೊಂಡು ಧಾರೆಯಾಗಿ ಇಳಿಯುತ್ತದೆ. ಕೇಕಿಗೆ ಮೊಟ್ಟೆಯಿಲ್ಲ, ಹುಳಿ ಮೊಸರು. ಕೋಕೋ ಮೇಲೆ ಬಿಸಿ ಕಾಫಿ ಡಿಕಾಕ್ಷನ್. ಒಂದೇ ಅಳತೆಯ ಎರಡು ತಟ್ಟೆಗಳಲ್ಲಿ ಬೇಯಿಸಿ, ನಡುವೆ ಶೇಂಗಾ, ಬೆಣ್ಣೆ, ಸಕ್ಕರೆ ಕಡೆದ ಕ್ರೀಮು, ಮೇಲೆಲ್ಲ ಚಾಕೊಲೇಟು.

ಮೊದಲ ಸಲ ಸಕ್ಕರೆಯ ಬದಲು ಅನಕಾಪಲ್ಲಿ ಬೆಲ್ಲ ಹಾಕಿದ್ದರು. ಶೇಂಗಾ ಇದ್ದಲ್ಲಿ ಬೆಲ್ಲವಿರದೆ ಇರುವುದು ಅವರ ಕಲ್ಪನೆಗೇ ಬರುತ್ತಿರಲಿಲ್ಲ. ವಿಶಾಖಪಟ್ಟಣದ ತೇವದ ಗಾಳಿಗೆ ಬೆಲ್ಲ ನೀರೊಡೆದು, ಮೇಲಿನ ಪದರ ಎಲ್ಲರ ಕಣ್ಣೆದುರೇ ಮೆಲ್ಲಗೆ ಪಕ್ಕಕ್ಕೆ ಜಾರಿತು. ಮೌಶಿ ತಲೆ ಓರೆ ಮಾಡಿ ನೋಡಿ, “ಇರ್ಲಿ ಬಿಡು, ಟೊಪಗಿ ವಾರಿ ಹಾಕ್ಕೊಂಡದ,” ಎಂದರು. ಕಾಕಾ ತಿಂದು, “ಛಲೋ ಆಗೇದ,” ಎಂದರು. ಕಾಕಾ ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದರು.

“ಇವರಿಗೆ ಸುಣ್ಣಾ ಕಲಸಿ ಕೊಟ್ಟರೂ ಛಲೋ ಆಗೇದ ಅಂತಾರ,” ಎಂದು ಮೌಶಿ ನನಗೆ ಹೇಳಿದರು, ಅವರಿಗೆ ಕೇಳಿಸುವ ಹಾಗೆ.

“ಸುಣ್ಣ ನೀ ಕಲಸಿದರ ಛಲೋನ ಇರ್ತದ,” ಎಂದರು ಕಾಕಾ, ಪೇಪರಿನಿಂದ ತಲೆ ಎತ್ತದೆ.

ಈ ಮಾತುಗಳೆಲ್ಲ ಆ ದಿನದವೇ ಎಂದು ನಾನು ಆಣೆ ಮಾಡಲಾರೆ. ಎಷ್ಟೋ ಕೇಕುಗಳು ನನ್ನ ತಲೆಯಲ್ಲಿ ಒಂದರ ಮೇಲೊಂದು ಕೂತು ಒಂದೇ ಕೇಕಾಗಿಬಿಟ್ಟಿವೆ. ಇಲ್ಲದವರ ಮಾತನ್ನು ನೆನಪು ತುಂಬ ಚೆನ್ನಾಗಿ ಜೋಡಿಸಿ ಕೊಡುತ್ತದೆ. ಅದಕ್ಕೇ ನನಗೆ ಅದರ ಮೇಲೆ ಗುಮಾನಿ. ಆದರೂ ಮುಂದಿನದನ್ನು ಆದಷ್ಟು ಜೋಡಿಸದೆ ಹೇಳುತ್ತೇನೆ.

ಒಂದು ವರ್ಷ ಮಳೆಗಾಲದಲ್ಲಿ ಮೌಶಿಗೆ ಜ್ವರ ಬಂದು ಹೋಯಿತು. ಹಾಸಿನಿಯ ಹುಟ್ಟುಹಬ್ಬಕ್ಕೆ ಎಂದಿನಂತೆ ಕೇಕು ತಯಾರಾಯಿತು. ರೈಲಿನಲ್ಲಿ ಡಬ್ಬಿ ಹಿಡಿಯಲು ಇನ್ನೊಂದು ಜೋಡಿ ಕೈ ಬೇಕೆಂದರು. ವಿಜಯವಾಡದಲ್ಲಿ ನನ್ನ ಅತ್ತೆಮನೆಯೂ ಇರುವುದರಿಂದ ನಾನೂ ಹೊರಟೆ. ರಾಜಮಂಡ್ರಿಯಲ್ಲಿ ಗೋದಾವರಿ ದಾಟುವಾಗ ಎಲ್ಲರೂ ಕಿಟಕಿಗೆ ಮುಖವಿಟ್ಟರು. ಮೌಶಿ ಡಬ್ಬಿಯ ಮೇಲಿನ ಕೈ ತೆಗೆಯಲಿಲ್ಲ.

ಅನಿತಾಳ ಮನೆಯಲ್ಲಿ ಬೀಗರಿದ್ದರು, ನೆರೆಯವರಿದ್ದರು. ಕೇಕು ಕತ್ತರಿಸಿದ್ದಾಯಿತು. ನಾಲಿಗೆಗೆ ಮೊದಲು ಕೋಕೋ ಬಂತು, ಆಮೇಲೆ ಸಿಹಿ. ನುಂಗಿದ ಮೇಲೆ ಗಂಟಲಲ್ಲಿ ಕಮಟು, ಹಳೇ ಎಣ್ಣೆಯದ್ದು. ತೇವಕ್ಕೆ ಕೆಟ್ಟ ಶೇಂಗಾ ಅದು. ಕಾಳು ಕೈಗೆತ್ತಿಕೊಂಡಾಗಲೇ ತಿಳಿಯಬೇಕಾದ ವಾಸನೆ. “ಚಾಲಾ ಬಾವುಂದಂಡಿ,” ಎಂದು ಬೀಗರು ಮೆಚ್ಚಿದರು. ನೆರೆಯವರೂ ಅದನ್ನೇ ಅಂದರು. ಕಾಕಾ ಎರಡು ತುಂಡು ತಿಂದರು. ಹಾಸಿನಿ ಮಾತ್ರ, “ಅಮ್ಮಮ್ಮಾ, ಇದು...” ಎಂದು ಶುರುಮಾಡಿದಳು. ಅನಿತಾ ಅವಳ ತೊಡೆ ಚಿವುಟಿದಳು.

ಇಲ್ಲಿ ನನ್ನ ನೆನಪು ಒಂದು ದೃಶ್ಯ ಕಟ್ಟಿಟ್ಟಿದೆ: ಮೌಶಿ ತಮ್ಮ ತುಂಡನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಎಲ್ಲರ ಮುಖ ನೋಡಿ, ತಟ್ಟೆ ಕೆಳಗಿಡುತ್ತಾರೆ. ದೃಶ್ಯ ಚೆನ್ನಾಗಿದೆ, ಆದರೆ ಆಗ ನಾನು ಬಾಲ್ಕನಿಯಲ್ಲಿ ಅತ್ತೆಯ ಜೊತೆ ಫೋನಿನಲ್ಲಿದ್ದೆ. ನಾನು ಕಂಡದ್ದು ಇಷ್ಟೇ. ಒಳಗೆ ಬಂದಾಗ ಮೌಶಿ ಅಡುಗೆಮನೆಯಲ್ಲಿ ವಾಪಸು ಬಂದ ತಟ್ಟೆಗಳ ಮುಂದೆ ನಿಂತಿದ್ದರು. ತಟ್ಟೆ ತಟ್ಟೆಯಲ್ಲೂ ಮಡಿಸಿದ ಟಿಶ್ಯೂ ಕಾಗದದ ಕೆಳಗೆ ಬಚ್ಚಿಟ್ಟ ಅರ್ಧ ತುಂಡು.

“ವೀಣಾ, ಖರೇ ಹೇಳು. ಶೇಂಗಾ ಕಮಟ ಆಗೇದೇನು?”

“ಸ್ವಲ್ಪ.”

“ಸ್ವಲ್ಪ ಅನ್ನೋದು ನಿಮ್ಮ ಮೈಸೂರಿನ ಮಾತು. ಆಗೇದೋ ಇಲ್ಲೋ?”

“ಆಗಿದೆ ಮೌಶಿ.”

ಅವರು ತಟ್ಟೆಗಳನ್ನು ಒಂದರೊಳಗೊಂದು ಇಟ್ಟರು. “ಜ್ವರಾ ಬಂದಾಗಿಂದ ಮೂಗಿಗೆ ಏನೂ ಬರವಲ್ದು,” ಎಂದರು. “ಊದಿನಕಡ್ಡಿ ಇಲ್ಲ, ಇಂಗಿಲ್ಲ. ಬಾಯಾಗೂ ಸಿಹಿ, ಖಾರ, ಉಪ್ಪು ಬಿಟ್ಟರ ಎಲ್ಲಾ ಒಂದ. ತಾನ ಬರ್ತದ ಅಂತ ಕಾಯ್ಕೋತ ಕೂತೆ.”

“ಯಾರಿಗಾದರೂ ಹೇಳಬಾರದಿತ್ತೇ?”

“ಯಾರಿಗೆ ಹೇಳ್ಲಿ? ಮೂಗ ಹೋದಾಕಿ ಕೈಯಾಗಿಂದು ಯಾರು ಉಣ್ತಾರ? ಹೂ ಕಟ್ಟಕೋತ ಕೂಡ್ರು ಅಂತ ಹೊರಗ ಕೂಡ್ರಸ್ತಾರ. ನನಗ ಹೂ ಕಟ್ಟಲಿಕ್ಕೆ ಬರಂಗಿಲ್ಲ.”

ಅನಿತಾಗೆ ಅಂದೇ ಹೇಳಬೇಕಾಯಿತು. ಊರಿಗೆ ಮರಳಿದ ಮೇಲೆ ಡಾಕ್ಟರಿಗೆ ತೋರಿಸಿದರು. ಬಂದರೆ ಬರಬಹುದು, ಬರದಿದ್ದರೆ ಇಲ್ಲ ಎಂದರು ಅವರು. ಮೌಶಿ ಅನ್ನ, ಸಾರು, ಪಲ್ಯ ಬಿಡಲಿಲ್ಲ. ಅಳತೆ ಕೈಗೆ ಗೊತ್ತಿತ್ತು. ಹುರಿಯುವುದನ್ನು ಬಿಟ್ಟರು. ಮಧ್ಯಾಹ್ನ ನನ್ನ ಮನೆಗೆ ಇಳಿದು ಬರುತ್ತಿದ್ದ ಘಮ ನಿಂತಿತು. ಒಂದು ದಿನ ನಾನೇ ಹೋಗಿ, “ನೀವು ಹುರಿಯಿರಿ, ವಾಸನೆ ನಾನು ಹೇಳುತ್ತೇನೆ,” ಎಂದೆ. ಅವರು ಬಾಣಲೆ ಇಟ್ಟರು. ಸ್ವಲ್ಪ ಹೊತ್ತಿಗೆ ನಾನು, “ಆಯಿತು ಅನ್ನಿಸುತ್ತೆ,” ಎಂದೆ.

“ಅನ್ನಿಸ್ತದ ಅಂತ ಶೇಂಗಾ ಹುರಿಲಿಕ್ಕೆ ಬರಂಗಿಲ್ಲ,” ಎಂದು ಒಲೆ ಆರಿಸಿಬಿಟ್ಟರು. ಸಿಟ್ಟಿರಲಿಲ್ಲ. ಆ ಕಾಳನ್ನು ಏನು ಮಾಡಿದರೋ ತಿಳಿಯದು.

ಮರುವರ್ಷ ಹುಟ್ಟುಹಬ್ಬದ ಹೊತ್ತಿಗೆ ಅನಿತಾ ಫೋನ್ ಮಾಡಿದಳು. ಫೋನು ಸ್ಪೀಕರಿನಲ್ಲಿತ್ತು, ನಾನು ಅಲ್ಲೇ ಇದ್ದೆ. “ಅಮ್ಮಾ, ಈ ಸಲ ಬೇಕರಿಯಿಂದ ತರಸ್ತೀವಿ. ನೀ ಸುಮ್ನ ತ್ರಾಸ ತಗೋಬ್ಯಾಡ.” ಪ್ರೀತಿಯಿಂದಲೇ ಅಂದದ್ದು. “ಹ್ಞೂಂ, ತರಸ್ರಿ,” ಎಂದು ಮೌಶಿ ಫೋನಿಟ್ಟರು. ಮರುದಿನ ವಿಜಯವಾಡಕ್ಕೆ ಹೊರಟ ಅವರ ಚೀಲದಲ್ಲಿ ಸೀರೆಗಳ ಕೆಳಗೆ ದಪ್ಪ ತಳದ ಬಾಣಲೆ ಇತ್ತು.

ಕಾಕಾ, ಮೌಶಿ ಆ ಸಲ ಹೋದವರು ವಿಜಯವಾಡದಲ್ಲೇ ಉಳಿದರು; ಕಾಕಾಗೆ ಆಗಾಗ ಆಸ್ಪತ್ರೆಗೆ ಹೋಗಬೇಕಾಗಿತ್ತು. ಮುಂದಿನ ಚಳಿಗಾಲದಲ್ಲಿ ಮೌಶಿ ನಿದ್ದೆಯಲ್ಲೇ ಹೋದರು. ನನಗೆ ಸುದ್ದಿ ತಿಳಿದಾಗ ಎಲ್ಲ ಮುಗಿದಿತ್ತು. ಆದ್ದರಿಂದ ನಾನು ಅವರನ್ನು ಕಡೆಯ ಸಲ ನೋಡಿದ್ದು ಆ ಹುಟ್ಟುಹಬ್ಬದ ಬೆಳಿಗ್ಗೆ. ಅತ್ತೆಮನೆಗೆ ಬಂದಿದ್ದೆ, ರೈಲಿಗೆ ಹೋಗುವ ದಾರಿಯಲ್ಲಿ ಅನಿತಾಳ ಮನೆ ಹೊಕ್ಕು ಬರೋಣವೆಂದು ಹೋದೆ.

ಅಡುಗೆಮನೆಯಲ್ಲಿ ಜಗಳ ನಡೆದಿತ್ತು. “ಅಮ್ಮಾ, ಆರ್ಡರ್ ಆಗೇದ. ಸಂಜಿಗೆ ತಂದು ಕೊಡ್ತಾರ,” ಅನ್ನುತ್ತಿದ್ದಳು ಅನಿತಾ.

“ತರ್ಲಿ. ಅದು ಮೇಜಿನ ಮ್ಯಾಲೆ ಕೂಡ್ರಲಿ, ಬ್ಯಾಡ ಅಂದೆನೇನು?” ಎಂದು ಮೌಶಿ ಹೊಸ ಶೇಂಗಾವನ್ನು ಬಾಣಲೆಗೆ ಸುರಿದರು. ಒಲೆಯ ಪಕ್ಕದಲ್ಲಿ ಹಾಸಿನಿ ನಿಂತಿದ್ದಳು. ಇಂಟರ್, ಅಂದರೆ ನಮ್ಮ ಪಿಯುಸಿ, ಓದುವ ಹುಡುಗಿ, ಮನೆಯಿಂದಾಚೆ ಪೂರ್ತಿ ತೆಲುಗು, ಒಳಗೆ ಬೇಕಾದಷ್ಟೇ ಕನ್ನಡ.

“ಅಮ್ಮಮ್ಮಾ, ನಂಗ ಇದೆಲ್ಲ ಬರಲ್ಲ.”

“ಮೂಗ ಅದ ಇಲ್ಲ?”

“ಅದ.”

“ಹಂಗಾರ ನಿಂದರು. ಏನ ಬರ್ತದ ಹೇಳು.”

“ಬಾವುಂದಿ.”

“ಬಾವುಂದಿ ಅಂದ್ರ ನನಗೇನೂ ತಿಳೀಲಿಲ್ಲ. ಹೋದ ವರ್ಷನೂ ಎಲ್ಲಾರೂ ಬಾವುಂದಿ ಅಂದಿದ್ರು. ಯಾವುದರ ಗತೆ ಅದ?”

ಹಾಸಿನಿ ಅಮ್ಮನ ಮುಖ ನೋಡಿದಳು. ಫೋನನ್ನು ಕಟ್ಟೆಯ ಮೇಲಿಟ್ಟಳು. “ಹಸಿ... ಹಸಿ ಕಟ್ಟಿಗಿ ಗತೆ.”

ಮೌಶಿ ಸೌಟು ಆಡಿಸುತ್ತಲೇ ಇದ್ದರು. “ಈಗ?”

“ನಾನ್ನ ಷರ್ಟ್ ಇಸ್ತ್ರಿ ಮಾಡ್ತಾರಲ್ಲ, ಹಂಗ.”

ಅಪ್ಪನ ಷರ್ಟು ಎಂದದ್ದು. ಮೌಶಿಯ ಕೈ ನಿಧಾನವಾಯಿತು. “ಬಿಸಿ ಬಟ್ಟಿ ವಾಸನಿ. ತಡಿ, ನೆನಪ ಮಾಡ್ಕೋತೀನಿ.” ಕಾಳನ್ನೊಮ್ಮೆ ಮಗುಚಿ, “ಹ್ಞಾಂ, ಸಿಕ್ತು. ಇನ್ನೂ ಹುರೀಬೇಕು,” ಎಂದರು.

“ಈಗ ಕಾಲೇಜ್ ಹತ್ರ ಪಲ್ಲೀಲು ಬಂಡಿ ಇರ್ತದಲ್ಲ, ಮರಳಲ್ಲಿ ಶೇಂಗಾ ಹುರಿತಾರ, ಆ ವಾಸನಿ. ಆದ್ರ ಬಂಡಿ ಹತ್ರ ಅಲ್ಲ. ಬೀದಿ ತುದಿಗೆ ಇದ್ದಂಗ. ಬಂಡಿ ಇನ್ನೂ ಕಾಣಲ್ಲ.”

“ಬಂಡಿ ಹತ್ರ ಬಂದ ಮ್ಯಾಲೆ ಹೇಳು.”

ಹಾಸಿನಿ ಬಾಣಲೆಯ ಮೇಲೆ ಬಗ್ಗಿ, ಮತ್ತೆ ಹಿಂದೆ ಸರಿದು, ಮತ್ತೆ ಬಗ್ಗಿದಳು.

“ಬಂತು. ಆರಿಸು ಅಮ್ಮಮ್ಮಾ.”

ನನ್ನ ಮೂಗು ಇನ್ನೊಂದು ನಿಮಿಷ ಬಿಡಬಹುದು ಅನ್ನುತ್ತಿತ್ತು. ಮೌಶಿ ನನ್ನ ಕಡೆ ನೋಡಲಿಲ್ಲ. ಒಲೆ ಆರಿಸಿದರು.

ಕೇಕು ಮುಗಿಯುವ ತನಕ ನನಗೆ ಇರಲಾಗಲಿಲ್ಲ, ತಿನ್ನಲೂ ಇಲ್ಲ. ಎರಡು ಕೇಕೂ ಖಾಲಿಯಾದವೆಂದು ಅನಿತಾ ಆಮೇಲೆ ಹೇಳಿದಳು. ಬೇಕರಿಯದ್ದನ್ನು ಯಾರೂ ಮುಟ್ಟದೆ ವಾಚ್‌ಮನ್ ಮನೆಗೆ ಕೊಟ್ಟೆವೆಂದಳು ಹಾಸಿನಿ. ಎರಡೂ ನಿಜವಿರಲಾರದು. ಯಾವುದನ್ನೂ ನಾನು ಆರಿಸಿಕೊಂಡಿಲ್ಲ.

ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿ ಲಿಫ್ಟಿಗೆ ಕಾಯುತ್ತಿದ್ದೆ. ಒಳಗೆ ಮಿಕ್ಸಿ ತಿರುಗಿ ತಿರುಗಿ ನಿಂತಿತು. ಮೌಶಿ, “ಈಗ?” ಎಂದರು. “ಇದು... ಇದು ಅದರ ಗತೆ...” ಎಂದು ಹಾಸಿನಿ ತಡವರಿಸಿದ್ದು ಕೇಳಿಸಿತು. ಲಿಫ್ಟ್ ಬಂತು. ಹಾಸಿನಿ ಇನ್ನೂ ಮಾತು ಹುಡುಕುತ್ತಿದ್ದಳು, ಮೌಶಿ ಕಾಯುತ್ತಿದ್ದರು.